ತುಟಿಗೆ ಫಿಲ್ಲರ್ ಹಾಕಿಸಿ ಐದನೇ ದಿನ, ಒಳಗೆ ಗಂಟು ಸಿಗುತ್ತಿದೆ. ಇದು ಮಾಮೂಲಾ?

ನೀಲಿಕೊಡೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ಐದು ದಿನದ ಹಿಂದೆ ಮೊದಲ ಸಲ ತುಟಿಗೆ ಫಿಲ್ಲರ್, ಅಂದರೆ ತುಟಿ ತುಂಬಿಕೊಂಡು ಕಾಣಲಿ ಅಂತ ಚುಚ್ಚುವ ಜೆಲ್, ಹಾಕಿಸಿಕೊಂಡೆ. ಹೈಯಲುರಾನಿಕ್ ಆಸಿಡ್ ಜೆಲ್, ಒಂದು ಸಿರಿಂಜ್, ಅಂದರೆ 1 ಮಿಲಿ. ಸೂಜಿಯಲ್ಲೇ ಹಾಕಿದರು. ಮೊದಲ ದಿನ ಅಂಥದ್ದೇನೂ ಅನ್ನಿಸಲಿಲ್ಲ. ಎರಡನೇ ದಿನ ಬೆಳಿಗ್ಗೆ ಕನ್ನಡಿ ನೋಡಿದೆ ನೋಡಿ, ಜೀವ ಬಾಯಿಗೆ ಬಂತು ಅಂತಾರಲ್ಲ, ಬಾಯಿಯೂ ಅದಕ್ಕೆ ತಕ್ಕ ಹಾಗೆ ದೊಡ್ಡದಾಗಿತ್ತು. ನೀರು ಕುಡಿದರೆ ಅರ್ಧ ಗಲ್ಲದ ಮೇಲೆ ಇಳಿಯುತ್ತಿತ್ತು. ಅದೆಲ್ಲ ಊತ, ಇಳಿಯುತ್ತದೆ ಅಂತ ಮೊದಲೇ ಹೇಳಿದ್ದರು, ಇಳಿಯಿತು ಕೂಡ.

ಈಗಿನ ತಲೆನೋವು ಬೇರೆ. ಕೆಳತುಟಿಯ ಎಡಗಡೆ ಒಳಭಾಗದಲ್ಲಿ ಮೆಣಸಿನ ಕಾಳಿನಷ್ಟು ಒಂದು ಗಂಟು. ಮೇಲ್ತುಟಿಯಲ್ಲಿ ಇನ್ನೂ ಚಿಕ್ಕದೊಂದು, ಸಾಸಿವೆಯಷ್ಟು. ಹೊರಗೆ ಕಾಣುವುದಿಲ್ಲ, ತುಟಿ ಹೊರಳಿಸಿ ಫೋನಿನ ಟಾರ್ಚ್ ಬಿಟ್ಟರೆ ಎಡಗಡೆಯದು ನೇರಳೆ ಬಣ್ಣದಲ್ಲಿ ಸ್ವಲ್ಪ ಕಾಣುತ್ತದೆ. ಆದರೆ ನಾಲಿಗೆಗೆ ದಿನವಿಡೀ ಸಿಗುತ್ತದೆ. ಪ, ಬ, ಮ ಅಂದಾಗಲೆಲ್ಲ ತುಟಿಗೆ ತುಟಿ ತಾಗಿ ಅದು ಅಲ್ಲೇ ಇದೆ ಅಂತ ನೆನಪಿಸುತ್ತದೆ. ಒಂದು ವಿಡಿಯೋದಲ್ಲಿ ಚೆನ್ನಾಗಿ ಒತ್ತಿ ಮಸಾಜ್ ಮಾಡಿ ಒಡೆಯಬೇಕು ಅಂದಿದ್ದರು, ಮೂರು ದಿನದಿಂದ ಮಾಡುತ್ತಿದ್ದೇನೆ. ಕಮ್ಮಿ ಆಗುವ ಬದಲು ಜಾಸ್ತಿ ಗಟ್ಟಿಯಾಗಿದೆ ಅನ್ನಿಸುತ್ತಿದೆ.

ಹಾಕಿಸಿಕೊಂಡ ಕಡೆ ಮೆಸೇಜ್ ಮಾಡಿದರೆ "ಎರಡು ವಾರ ಕಾಯಿರಿ" ಅಂತ ಮೂರು ಪದದ ಉತ್ತರ. ಅಷ್ಟೇ. ಫೋಟೋ ಕೂಡ ಕೇಳಲಿಲ್ಲ. ನಿಜವಾಗಲೂ ಕಾಯಬಹುದಾ, ಇಲ್ಲ ಸುಮ್ನೆ ಸಾಗಹಾಕುತ್ತಿದ್ದಾರಾ? ಇದು ಹೀಗೇ ಉಳಿದುಬಿಟ್ಟರೆ ಏನು ಗತಿ? ರಾತ್ರಿ ಎರಡು ಗಂಟೆಗೆ ಎದ್ದು ಬಾತ್‌ರೂಮಿನ ಕನ್ನಡಿ ಮುಂದೆ ನಿಲ್ಲುವ ಮಟ್ಟಕ್ಕೆ ಬಂದಿದ್ದೇನೆ.

ಮೂರುಸಲದಕ್ಕ

ಮೊದಲು ಆ ಬೆರಳು ಬಾಯಿಂದ ತೆಗೀರಿ ತಾಯಿ.

ನಾನು ಮೂರು ಸಲ ಮಾಡಿಸಿದವಳು, ಮೂರೂ ಸಲ ಗಂಟು ಆಗಿತ್ತು, ಮೂರೂ ಸಲ ಹೋಯಿತು. ಮೊದಲ ಸಲ ನಿಮ್ಮ ಹಾಗೇ ಒತ್ತಿ ಒತ್ತಿ ಇಲ್ಲದ ಊತ ಬರಿಸಿಕೊಂಡೆ. ಯೋಚನೆ ಮಾಡಿ, ಸೂಜಿಯಲ್ಲಿ ಹತ್ತಿಪ್ಪತ್ತು ಕಡೆ ಚುಚ್ಚಿರುವ ಜಾಗ ಅದು. ಒಳಗೆ ಸಣ್ಣ ಸಣ್ಣ ರಕ್ತನಾಳ ಒಡೆದಿರುತ್ತವೆ. ಅದರ ಮೇಲೆ ನೀವು ದಿನಕ್ಕೆ ನಾಲ್ಕು ಸಲ ಹಿಸುಕಿದರೆ ಅದು ಮಾಯುವುದು ಯಾವಾಗ?

ನನಗೆ ಆಗುವ ಕ್ರಮ ಹೇಳುತ್ತೇನೆ, ನಿಮ್ಮದಕ್ಕೆ ಹೊಂದಿಸಿ ನೋಡಿ. ಮೊದಲ 2–3 ದಿನ ಊತ ಏರುತ್ತಾ ಹೋಗುತ್ತದೆ. ಬೆಳಿಗ್ಗೆ ಎದ್ದಾಗ ಅತಿ ಕೆಟ್ಟದಾಗಿರುತ್ತದೆ, ರಾತ್ರಿಯೆಲ್ಲ ಮಲಗಿರುತ್ತೇವಲ್ಲ, ನೀರೆಲ್ಲ ಮುಖಕ್ಕೇ ಸೇರುತ್ತದೆ. ಎರಡು ದಿಂಬು ಹಾಕಿಕೊಂಡು ತಲೆ ಎತ್ತರಿಸಿ ಮಲಗಿದರೆ ವ್ಯತ್ಯಾಸ ಕಾಣುತ್ತದೆ. ನಾಲ್ಕೈದನೇ ದಿನ ಊತ ಇಳಿಯುತ್ತದೆ, ಮತ್ತೆ ನಿಜವಾದ ಗಾಬರಿ ಶುರುವಾಗುವುದು ಆವಾಗಲೇ. ಯಾಕೆಂದರೆ ಅಲ್ಲಿಯವರೆಗೆ ಎಲ್ಲವೂ ಊದಿಕೊಂಡು ಒಂದೇ ಸಮ ಇರುತ್ತದೆ, ಊತ ಇಳಿದ ಮೇಲೆ ಒಳಗಿನ ಗಂಟುಗಳು ಒಂದೊಂದಾಗಿ ಕೈಗೆ ಸಿಗುತ್ತವೆ. ಕೆರೆಯ ನೀರು ಇಳಿದ ಮೇಲೆ ಕಲ್ಲು ಕಾಣುವ ಹಾಗೆ. ಹೊಸದಾಗಿ ಹುಟ್ಟಿದ್ದಲ್ಲ ಅದು, ಇದ್ದದ್ದೇ.

ಒಂದು ಕಡೆ ದಪ್ಪ ಒಂದು ಕಡೆ ತೆಳ್ಳಗೆ ಇರುವುದೂ ಮೊದಲ ವಾರ ಮಾಮೂಲು. ಎರಡೂ ಕಡೆ ಊತ ಒಟ್ಟಿಗೆ ಇಳಿಯಬೇಕು ಅಂತ ಏನೂ ನಿಯಮ ಇಲ್ಲ. ಎರಡನೇ ವಾರದ ಕೊನೆಗೆ ಒಂದು ಆಕಾರಕ್ಕೆ ಬರುತ್ತದೆ, ಪೂರ್ತಿ ಮೆತ್ತಗಾಗಿ ನಿಮ್ಮದೇ ತುಟಿ ಅನ್ನಿಸಲು ನಾಲ್ಕು ವಾರ ಬೇಕಾಯಿತು ನನಗೆ.

ಗುಬ್ಬಚ್ಚಿ_07

ನನ್ನ ಸ್ನೇಹಿತೆಗೂ ಹೀಗೇ ಆಗಿತ್ತು. ಕಾಯುತ್ತಾ ಕೂರಬೇಡಿ, ನಾಳೆಯೇ ಹೋಗಿ ಕರಗಿಸುವ ಇಂಜೆಕ್ಷನ್ ಹಾಕಿಸಿಬಿಡಿ. ಒಂದೇ ದಿನದಲ್ಲಿ ಎಲ್ಲ ಹೋಗುತ್ತದೆ, ತಲೆನೋವೇ ಇಲ್ಲ.

ಸುಮ್ನೆಬಂದೆ

ಇದ್ದ ತುಟಿಗೆ ಏನಾಗಿತ್ತು ಅಂತ?

ಮೂರುಸಲದಕ್ಕ

ಸುಮ್ನೆ ಬಂದವರು ಸುಮ್ನೆ ಹೋಗಿ ಸ್ವಾಮಿ. ಅವರು ಕೇಳಿದ್ದು ಗಂಟಿನ ಬಗ್ಗೆ.

ಬಿಳಿಕೋಟು

ಚರ್ಮದ ಕ್ಲಿನಿಕ್ ಒಂದರಲ್ಲಿ ನರ್ಸ್ ಆಗಿದ್ದೇನೆ. ಫಿಲ್ಲರ್ ಹಾಕುವುದು ಡಾಕ್ಟರ್, ಆದರೆ ಆಮೇಲೆ ಬರುವ ಫೋನ್‌ಗಳನ್ನೆಲ್ಲ ತೆಗೆದುಕೊಳ್ಳುವವಳು ನಾನೇ. ಹಾಗಾಗಿ ನಿಮ್ಮ ಐದನೇ ದಿನದ ಫೋನ್ ನನಗೆ ಬಾಯಿಪಾಠ. ನಿಮ್ಮ ತುಟಿಯನ್ನು ನಾನು ನೋಡಿಲ್ಲ, ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಓದಿ.

ಗಂಟು ಅನ್ನುವುದು ಒಂದೇ ಪದ, ಆದರೆ ಒಳಗಿರುವುದು ಬೇರೆ ಬೇರೆ ಆಗಿರಬಹುದು. ಮೊದಲ ಎರಡು ವಾರದಲ್ಲಿ ಸಿಗುವುದು ಬಹುಪಾಲು ಮೂರರಲ್ಲಿ ಒಂದು. ಬರೀ ಊತ. ಇಲ್ಲವೇ ಸೂಜಿ ತಾಗಿ ರಕ್ತ ಸೋರಿ ಅಲ್ಲೇ ಹೆಪ್ಪುಗಟ್ಟಿದ್ದು, ನೇರಳೆ ಬಣ್ಣ ಇದ್ದ ಕಡೆಯೇ ಗಂಟೂ ಇದ್ದರೆ ಇದರ ಸಾಧ್ಯತೆ ಜಾಸ್ತಿ, ನೀವು ಹೇಳಿದ ಎಡಗಡೆಯದು ಹಾಗೇ ಕೇಳಿಸುತ್ತಿದೆ. ಮೂರನೆಯದು ಜೆಲ್ ಇನ್ನೂ ಹರಡದೆ ಒಂದು ಕಡೆ ಕುಳಿತಿರುವುದು. ಹೈಯಲುರಾನಿಕ್ ಆಸಿಡ್ ನಮ್ಮ ಚರ್ಮದಲ್ಲಿ ಮೊದಲೇ ಇರುವ ವಸ್ತು, ಆದರೆ ಹಾಗೇ ಹಾಕಿದರೆ ದೇಹ ಬೇಗ ಒಡೆದುಹಾಕುತ್ತದೆ. ಅದಕ್ಕೇ ಅದರ ಎಳೆಗಳನ್ನು ಒಂದಕ್ಕೊಂದು ಹೆಣೆದು ಜೆಲ್ ಮಾಡಿರುತ್ತಾರೆ. ಆ ಜೆಲ್ ನೀರು ಹೀರಿಕೊಂಡು ಸ್ವಲ್ಪ ಉಬ್ಬಿ, ಆಮೇಲೆ ನಿಧಾನವಾಗಿ ಸುತ್ತಲಿನ ಮಾಂಸದ ಜೊತೆ ಹೊಂದಿಕೊಳ್ಳುತ್ತದೆ. ಅದಕ್ಕೆ ದಿನ ಬೇಕು, ಒತ್ತಡ ಬೇಕಿಲ್ಲ. ಇನ್ನೊಂದು ಮಾತು, ನಾಲಿಗೆ ಬಹಳ ಸೂಕ್ಷ್ಮ. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಒಂದು ನಾರು ಎಷ್ಟು ದೊಡ್ಡದಾಗಿ ಅನ್ನಿಸುತ್ತದೆ ಅಲ್ವಾ? ನಾಲಿಗೆಗೆ ಸಿಕ್ಕಿದ ಗಂಟನ್ನು ಅಳತೆ ಮಾಡುವಾಗ ಅರ್ಧಕ್ಕೆ ಇಳಿಸಿ.

ಈಗ ಮುಖ್ಯವಾದದ್ದು. ಗಂಟು ಇದೆಯಾ ಅನ್ನುವುದಕ್ಕಿಂತ ಅದು ಹೇಗೆ ನಡೆದುಕೊಳ್ಳುತ್ತಿದೆ ಅನ್ನುವುದನ್ನು ನೋಡಿ. ನಾನು ಫೋನಿನಲ್ಲಿ ಕೇಳುವುದು ಬಣ್ಣ, ನೋವು, ಬಿಸಿ, ಈ ಮೂರನ್ನೇ.

ಬಣ್ಣ ಅಂದರೆ ಬರೀ ನೀಲಿ ಕಲೆ ಅಲ್ಲ. ಕಲೆ ನೇರಳೆಯಿಂದ ಹಸಿರು, ಹಸಿರಿನಿಂದ ಹಳದಿ ಆಗಿ 7–10 ದಿನದಲ್ಲಿ ಮಾಸುತ್ತದೆ, ಕೆಲವರಿಗೆ ಎರಡು ವಾರ. ನಾನು ಹೆದರುವುದು ಸುಣ್ಣದ ಹಾಗೆ ಬಿಳಿಚಿಕೊಂಡ ಜಾಗಕ್ಕೆ, ಇಲ್ಲವೇ ಚರ್ಮದ ಮೇಲೆ ಬಲೆ ಹರಡಿದ ಹಾಗೆ ಕಾಣುವ ಬೂದು ನೀಲಿ ಗೆರೆಗಳಿಗೆ. ಫಿಲ್ಲರ್ ರಕ್ತನಾಳದ ಒಳಗೆ ಹೋಗಿ ಕಟ್ಟಿಕೊಂಡರೆ ಹಾಗಾಗುತ್ತದೆ. ತುಟಿಯ ಉದ್ದಕ್ಕೂ ಮೇಲೊಂದು ಕೆಳಗೊಂದು ರಕ್ತನಾಳ ಓಡುತ್ತದೆ, ಹಾಗಾಗಿ ತುಟಿಯಲ್ಲಿ ಕಟ್ಟಿಕೊಂಡ ಕಲೆ ಮೂಗಿನ ಕಡೆಗೋ ಗಲ್ಲದ ಕಡೆಗೋ ಹರಡಬಹುದು. ಬೆರಳಿನಿಂದ ತುಟಿಯನ್ನು ಐದು ಸೆಕೆಂಡ್ ಒತ್ತಿ ಬಿಡಿ. ಬಿಳಿಯಾದ ಜಾಗಕ್ಕೆ ಸುಮಾರು 2 ಸೆಕೆಂಡಿನಲ್ಲಿ ಬಣ್ಣ ವಾಪಸ್ ಬರಬೇಕು. ಪಕ್ಕದ ಜಾಗದ ಜೊತೆ ಹೋಲಿಸಿ ನೋಡಿ. ಒಂದು ಕಡೆ ಎದ್ದುಕಾಣುವ ಹಾಗೆ ನಿಧಾನವಾದರೆ, ಜಾಗ ತಣ್ಣಗಿದ್ದರೆ, ನೋವು ತಡೆಯಲಾಗದಷ್ಟಿದ್ದರೆ ಅದು ಕಾಯುವ ವಿಷಯವೇ ಅಲ್ಲ. ಐಸ್ ಇಡಬೇಡಿ, ಮೆಸೇಜ್ ಮಾಡುತ್ತಾ ಕೂರಬೇಡಿ, ಹಾಕಿದವರಿಗೆ ನೇರ ಫೋನ್ ಮಾಡಿ, ಅವರು ಸಿಗದಿದ್ದರೆ ಆಸ್ಪತ್ರೆಗೆ ಹೋಗಿ. ಅಲ್ಲಿ ಗಂಟೆಗಳ ಲೆಕ್ಕ. ಮರಗಟ್ಟಿಸುವ ಔಷಧಿಯ ಪ್ರಭಾವದಲ್ಲಿ ಮೊದಮೊದಲು ನೋವು ಗೊತ್ತಾಗದೇ ಇರಬಹುದು, ಅದಕ್ಕೇ ನೋವಿಲ್ಲ ಅಂತ ಬಣ್ಣ ನೋಡದೆ ಬಿಡಬೇಡಿ. ಕಣ್ಣು ಮಂಜಾದರೆ, ನಾಲಿಗೆ ಊದಿ ಉಸಿರು ಕಟ್ಟಿದರೆ ಯೋಚನೆಯೇ ಬೇಡ, ನೇರ ಎಮರ್ಜೆನ್ಸಿಗೆ.

ಬಿಸಿ ಅಂದರೆ ಸೋಂಕು. ಕಮ್ಮಿ ಆಗುತ್ತಿದ್ದ ನೋವು ಕೆಲವು ದಿನ ಬಿಟ್ಟು ಮತ್ತೆ ಏರಿ, ಜಾಗ ಕೆಂಪಾಗಿ ಬಿಸಿಯಾಗಿ ಪಟಪಟ ಮಿಡಿಯುತ್ತಿದ್ದರೆ, ಕೀವು ಅಥವಾ ಜ್ವರ ಬಂದರೆ ಅದೇ ದಿನ ತೋರಿಸಿ. ಮೊದಲು ಯಾವತ್ತಾದರೂ ಜ್ವರಗುಳ್ಳೆ ಎದ್ದಿದ್ದವರಿಗೆ ಸೂಜಿಯ ಪೆಟ್ಟಿನಿಂದ ಅದು ಮತ್ತೆ ಏಳಬಹುದು, ಅದನ್ನು ಫಿಲ್ಲರ್ ಗಂಟು ಅಂದುಕೊಂಡು ಉಜ್ಜುವವರನ್ನೂ ನೋಡಿದ್ದೇನೆ. ನೀರು ತುಂಬಿದ ಸಣ್ಣ ಗುಳ್ಳೆಗಳ ಗುಂಪು, ಉರಿ, ಚುರುಚುರು ಇದ್ದರೆ ಹೇಳಿ, ಅದಕ್ಕೆ ಬೇರೆ ಮಾತ್ರೆ ಇದೆ.

ಗುಬ್ಬಚ್ಚಿಯವರೇ, ಕರಗಿಸುವ ಇಂಜೆಕ್ಷನ್ ಬಗ್ಗೆ. ಅದರ ಹೆಸರು ಹೈಯಲುರಾನಿಡೇಸ್. ಒಳ್ಳೆಯ ಔಷಧಿ, ರಕ್ತನಾಳ ಕಟ್ಟಿಕೊಂಡಾಗ ತುಟಿ ಉಳಿಸುವುದೇ ಅದು. ಆದರೆ ಐದನೇ ದಿನದ ಮೆಣಸಿನ ಕಾಳಿಗೆ ಅಲ್ಲ. ಅದು ರಕ್ತದ ಗಂಟಾಗಿದ್ದರೆ ಕರಗಿಸುವ ಔಷಧಿಗೆ ಅಲ್ಲಿ ಕೆಲಸವೇ ಇಲ್ಲ, ಪಕ್ಕದ ಚೆನ್ನಾಗಿರುವ ಜೆಲ್ಲನ್ನು ಕರಗಿಸಿ ಹೊಸ ಹಳ್ಳ ಮಾಡಿಡುತ್ತದೆ ಅಷ್ಟೆ. ಅದಕ್ಕೂ ಅಲರ್ಜಿ ಆಗುವವರಿದ್ದಾರೆ. ಜೇನುಹುಳ ಅಥವಾ ಕಣಜ ಕಚ್ಚಿ ಯಾವತ್ತಾದರೂ ಮೈಯೆಲ್ಲ ಊದಿದ್ದರೆ ಅದನ್ನು ಮೊದಲೇ ಹೇಳಬೇಕು, ಆ ಹುಳಗಳ ವಿಷದಲ್ಲೂ ಇದೇ ಜಾತಿಯ ಕಿಣ್ವ ಇರುತ್ತದೆ. ಮತ್ತೆ ಅದು ಕರಗಿಸುವುದು ಹೈಯಲುರಾನಿಕ್ ಆಸಿಡನ್ನು ಮಾತ್ರ. ಸಿಲಿಕೋನ್ ತರಹದ್ದು ಹಾಕಿದ್ದರೆ ಅದರ ಮುಂದೆ ಇದರ ಆಟ ನಡೆಯುವುದಿಲ್ಲ.

ನೀಲಿಕೊಡೆ, ನಿಮಗೆ ಎರಡು ಪ್ರಶ್ನೆ. ಒತ್ತಿದಾಗ ಬಣ್ಣ ಎಷ್ಟು ಬೇಗ ಬರುತ್ತದೆ? ಮತ್ತೆ ಸಿರಿಂಜ್ ಪೆಟ್ಟಿಗೆಯ ಸ್ಟಿಕ್ಕರ್ ಕೊಟ್ಟಿದ್ದಾರಾ?

ನೀಲಿಕೊಡೆ

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ, ತುಂಬಾ ಥ್ಯಾಂಕ್ಸ್. ಒತ್ತಿ ನೋಡಿದೆ, ಎರಡೂ ಕಡೆ "ಒಂದು" ಅನ್ನುವಷ್ಟರಲ್ಲಿ ಗುಲಾಬಿ ಬಣ್ಣ ಬಂತು. ಬಿಸಿ ಇಲ್ಲ. ಮುಟ್ಟಿದರೆ ಮಾತ್ರ ನೋವು, ಮುಟ್ಟದಿದ್ದರೆ ಇಲ್ಲ. (ಹೌದು, ಹಾಗಾದರೆ ಯಾಕೆ ಮುಟ್ಟುತ್ತೀಯ ಅಂತ ನೀವು ಕೇಳುವುದು ಗೊತ್ತು.) ಕಲೆಯ ಅಂಚು ಹಳದಿಗೆ ತಿರುಗಿದೆ.

ಸ್ಟಿಕ್ಕರ್ ಕೊಟ್ಟಿದ್ದಾರೆ, ಒಂದು ಕಾರ್ಡಿಗೆ ಅಂಟಿಸಿ. ಅದರಲ್ಲಿ ಹೆಸರು, ಬ್ಯಾಚ್ ನಂಬರ್, ಎಕ್ಸ್‌ಪೈರಿ ಎಲ್ಲ ಇದೆ. ಅದು ಯಾತಕ್ಕೆ ಅಂತ ಗೊತ್ತಿಲ್ಲದೆ ಪರ್ಸಿನಲ್ಲಿ ತುರುಕಿದ್ದೆ, ಬಿಸಾಡಿಲ್ಲ ಸದ್ಯ.

ಇನ್ನೊಂದು ಕೇಳುವುದಿತ್ತು. ಮುಂದಿನ ವಾರ ಹಲ್ಲು ಕ್ಲೀನ್ ಮಾಡಿಸುವುದಕ್ಕೆ ಅಪಾಯಿಂಟ್‌ಮೆಂಟ್ ಇದೆ. ಹೋಗಬಹುದಾ? ಜಿಮ್?

ಬಿಳಿಕೋಟು

ಒಳ್ಳೆಯ ಉತ್ತರಗಳು. ಹಾಗಿದ್ದರೆ ಆ ಮೂರು ಪದದ ಮೆಸೇಜ್ ತಪ್ಪಲ್ಲ, ಹೇಳಿದ ರೀತಿ ಒರಟು ಅಷ್ಟೆ. ಫೋಟೋ ಕೇಳದೆ ಹಾಗೆ ಹೇಳಿದ್ದು ಮಾತ್ರ ಸರಿ ಅನ್ನಿಸುವುದಿಲ್ಲ. ನೀವೇ ಕಳಿಸಿ. ದಿನಾ ಒಂದೇ ಹೊತ್ತಿಗೆ, ಒಂದೇ ಬೆಳಕಿನಲ್ಲಿ ಒಂದು ಫೋಟೋ ತೆಗೆದಿಡಿ, ದಿನಕ್ಕೆ ಒಂದೇ. ಎರಡು ವಾರಕ್ಕೆ ತೋರಿಸಲು ಈಗಲೇ ಒಂದು ದಿನ ಗೊತ್ತು ಮಾಡಿಕೊಳ್ಳಿ, ಆ ದಿನ ಕಾರ್ಡ್ ಕೂಡ ತೆಗೆದುಕೊಂಡು ಹೋಗಿ. ಮುಂದೆ ಯಾವಾಗಲಾದರೂ ಬೇರೆ ಡಾಕ್ಟರ್ ನೋಡಬೇಕಾಗಿ ಬಂದರೆ ಒಳಗೆ ಇರುವುದು ಏನು ಅಂತ ಗೊತ್ತಾಗುವುದು ಆ ಕಾರ್ಡಿನಿಂದ.

ಹಲ್ಲಿನದು ಮುಂದಕ್ಕೆ ಹಾಕಿ. ಕ್ಲೀನಿಂಗ್ ಮಾಡುವಾಗ ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುವ ಸಾಧ್ಯತೆ ಇರುತ್ತದೆ, ಜೊತೆಗೆ ತುಟಿಯನ್ನು ಅತ್ತಿತ್ತ ಎಳೆಯುತ್ತಾರೆ. ಫಿಲ್ಲರಿನ ಹಿಂದೆ ಎರಡು ವಾರ, ಮುಂದೆ ಎರಡು ವಾರ ಬಿಡಿ ಅಂತ ನಾವು ಹೇಳುವುದು. ಹಲ್ಲುನೋವು ತಡೆಯಲಾಗದಷ್ಟು ಇದ್ದರೆ ಮಾತ್ರ ಬೇರೆ ಮಾತು, ಆಗ ಹಲ್ಲಿನ ಡಾಕ್ಟರಿಗೆ ಫಿಲ್ಲರ್ ವಿಷಯ ಹೇಳಿ ಮಾಡಿಸಿ. ಜಿಮ್‌ಗೆ ಮೊದಲ ಎರಡು ದಿನ ಮಾತ್ರ ಬೇಡ ಅನ್ನುವುದು, ನೀವು ಅದನ್ನು ದಾಟಿದ್ದೀರಿ. ಐಸ್ ಇಡುವುದಾದರೆ ಬಟ್ಟೆ ಸುತ್ತಿ ಹತ್ತು ನಿಮಿಷ, ನೇರ ಚರ್ಮಕ್ಕೆ ತಾಗಿಸಬೇಡಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್, ಆಸ್ಪಿರಿನ್ ಕಲೆ ಜಾಸ್ತಿ ಮಾಡುತ್ತವೆ. ಆದರೆ ಹೃದಯಕ್ಕೆ ಅಂತ ಆಸ್ಪಿರಿನ್ ತೆಗೆದುಕೊಳ್ಳುವವರು ಇದನ್ನು ಓದಿ ನಿಲ್ಲಿಸಬೇಡಿ ದಯವಿಟ್ಟು, ತುಟಿಯ ಕಲೆಗಿಂತ ಅದು ದೊಡ್ಡದು.

ಮಸಾಜ್ ಯಾವತ್ತೂ ಮಾಡಬಾರದು ಅಂತಲ್ಲ. ಕೆಲವು ಡಾಕ್ಟರುಗಳು ಕೆಲವು ಗಂಟಿಗೆ ಹೇಳಿಕೊಡುತ್ತಾರೆ, ಎಲ್ಲಿ, ಎಷ್ಟು, ಯಾವ ದಿನದಿಂದ ಅಂತ. ನಿಮ್ಮ ಬಾಯಿ ನೋಡಿದವರು ಹೇಳಿದರೆ ಮಾಡಿ. ವಿಡಿಯೋದವರು ನಿಮ್ಮ ಬಾಯಿ ನೋಡಿಲ್ಲ.

ಹಳೇಗಂಟು

ಎಲ್ಲರೂ ಎರಡು ವಾರ, ನಾಲ್ಕು ವಾರ ಅನ್ನುತ್ತಿದ್ದೀರಿ, ನನ್ನದು ಬೇರೆ ತರಹದ ಕಥೆ, ಹೆದರಿಸುವುದಕ್ಕಲ್ಲ. ನನಗೆ ಮೊದಲು ಏನೂ ಆಗಿರಲಿಲ್ಲ. ತುಟಿ ಬೆಣ್ಣೆ ಹಾಗೆ ಇತ್ತು. ನಾಲ್ಕು ತಿಂಗಳಾದ ಮೇಲೆ ಒಂದು ವೈರಲ್ ಜ್ವರ ಬಂತು, ಜ್ವರ ಬಿಟ್ಟ ವಾರದಲ್ಲಿ ಮೇಲ್ತುಟಿಯಲ್ಲಿ ಎರಡು ಕಡೆ ಗಂಟು ಎದ್ದಿತು. ಗಟ್ಟಿ, ಸ್ವಲ್ಪ ಕೆಂಪು, ಒತ್ತಿದರೆ ನೋವು. ಫಿಲ್ಲರ್ ವಿಷಯ ನನಗೆ ಮರೆತೇಹೋಗಿತ್ತು, ಏನೋ ಕಚ್ಚಿದೆ ಅಂದುಕೊಂಡು ಹತ್ತು ದಿನ ಮುಲಾಮು ಹಚ್ಚಿದೆ.

ಹೋಗಿ ತೋರಿಸಿದಾಗ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ಇತ್ತೀಚೆಗೆ ಜ್ವರ ಬಂದಿತ್ತಾ, ಹಲ್ಲಿನ ಕೆಲಸ ಮಾಡಿಸಿದ್ದೀರಾ, ಲಸಿಕೆ ಹಾಕಿಸಿದ್ದೀರಾ ಅಂತ. ದೇಹದ ರೋಗನಿರೋಧಕ ಶಕ್ತಿ ಯಾವುದಕ್ಕೋ ಎಚ್ಚೆತ್ತಾಗ ಒಳಗೆ ಕುಳಿತ ಜೆಲ್ ಮೇಲೂ ಒಮ್ಮೆ ತಿರುಗಿಬೀಳಬಹುದಂತೆ. ಸೋಂಕು ಅಲ್ಲ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ಮಾತ್ರೆ ಕೊಟ್ಟರು, ಒಂದು ಗಂಟು ತಾನಾಗಿ ಇಳಿಯಿತು, ಇನ್ನೊಂದಕ್ಕೆ ಸ್ವಲ್ಪ ಕರಗಿಸುವ ಇಂಜೆಕ್ಷನ್ ಬೇಕಾಯಿತು. ಮರುದಿನವೇ ಚಪ್ಪಟೆ ಆಗಿತ್ತು. ಈಗ ಏನೂ ಇಲ್ಲ.

ಹೇಳಬೇಕಾದ್ದು ಇಷ್ಟೆ: ಮೊದಲ ವಾರದ ಗಂಟಿಗೆ ನೀವು ತೋರಿಸುವ ಗಾಬರಿಯಲ್ಲಿ ಸ್ವಲ್ಪ ಉಳಿಸಿಟ್ಟುಕೊಳ್ಳಿ. ತಿಂಗಳುಗಳಾದ ಮೇಲೆ ಹೊಸದಾಗಿ ಎದ್ದರೆ ಅದನ್ನು ಮಾಮೂಲು ಅಂತ ಬಿಡಬೇಡಿ.

ಮೂರುಸಲದಕ್ಕ

ಹಳೇಗಂಟು, ಒಳ್ಳೆಯದಾಯಿತು ಹೇಳಿದ್ದು. ಗಂಟೆಲ್ಲ ಫಿಲ್ಲರೇ ಆಗಿರುವುದಿಲ್ಲ ಕೂಡ. ಎರಡನೇ ಸಲ ನನಗೆ ಕೆಳತುಟಿಯ ಒಳಗೆ ನೀರುಗುಳ್ಳೆ ತರಹ ಒಂದು ಬಂದು ಹೋಗಿ ಮಾಡುತ್ತಿತ್ತು. ನೋಡಿದರೆ ಅದು ಜೊಲ್ಲಿನ ಸಣ್ಣ ಗ್ರಂಥಿ ಕಟ್ಟಿಕೊಂಡದ್ದು. ಊತ ಇದ್ದಾಗ ತುಟಿ ಕಚ್ಚಿಕೊಂಡಿದ್ದೆ, ಅದರ ಫಲ. ನಾನೋ ಫಿಲ್ಲರ್ ಹಾಕಿದವರಿಗೆ ಒಂದು ತಿಂಗಳು ಶಾಪ ಹಾಕಿದೆ, ಪಾಪ.

ಗುಬ್ಬಚ್ಚಿ_07

ಸರಿ, ನನ್ನ ಸಲಹೆ ವಾಪಸ್. ಸ್ನೇಹಿತೆಗೆ ಈಗ ಕೇಳಿದೆ, ಅವಳು ಕರಗಿಸಿದ್ದು ಎರಡು ತಿಂಗಳಾದ ಮೇಲಂತೆ, ನಾನೇ ತಪ್ಪು ನೆನಪಿಟ್ಟುಕೊಂಡಿದ್ದೆ. ಒಂದು ಡೌಟು: ಸೂಜಿ ಇಲ್ಲದ ಪೆನ್ ಬರುತ್ತದಲ್ಲ, ಒತ್ತಡದಲ್ಲಿ ಜೆಲ್ ಒಳಗೆ ಹೋಗುವುದು, ಅದರಲ್ಲಾದರೆ ಇಂಥ ಗಂಟು ಆಗುವುದಿಲ್ವಾ? ಆನ್‌ಲೈನಿನಲ್ಲಿ ಸಿಗುತ್ತದೆ.

ಬಿಳಿಕೋಟು

ಬೇಡ. ಬೇಡವೇ ಬೇಡ. ಆ ಪೆನ್‌ನಲ್ಲಿ ಜೆಲ್ ಎಷ್ಟು ಆಳಕ್ಕೆ, ಯಾವ ಕಡೆಗೆ ಹೋಗುತ್ತದೆ ಅನ್ನುವುದು ಹಿಡಿತಕ್ಕೇ ಸಿಗುವುದಿಲ್ಲ. ಗಂಟು ಕಮ್ಮಿ ಅಲ್ಲ, ಜಾಸ್ತಿ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲೇ ಇದನ್ನು ಬಳಸಬೇಡಿ ಅಂತ ಜನರಿಗೂ ಡಾಕ್ಟರುಗಳಿಗೂ ಎಚ್ಚರಿಕೆ ಕೊಟ್ಟಿದೆ, ರಕ್ತಸ್ರಾವ, ಸೋಂಕು, ರಕ್ತನಾಳ ಕಟ್ಟಿಕೊಳ್ಳುವುದು, ಗಂಟು ಎಲ್ಲವನ್ನೂ ಹೆಸರಿಸಿ. ಮನೆಯಲ್ಲಿ ಕೂತು ಮಾಡಿಕೊಂಡು ಏನಾದರೂ ಆದರೆ ಆ ಕ್ಷಣಕ್ಕೆ ಕರಗಿಸುವ ಔಷಧಿ ಯಾರ ಕೈಯಲ್ಲಿದೆ? ಯಾವ ಕಡೆ ಫಿಲ್ಲರ್ ಹಾಕಿಸಿದರೂ ಹೈಯಲುರಾನಿಡೇಸ್ ಇಲ್ಲೇ ಇದೆಯಾ ಅಂತ ಮೊದಲು ಕೇಳಿ. ತಡವರಿಸಿದರೆ ಎದ್ದು ಬನ್ನಿ.

ನೀಲಿಕೊಡೆ

ಇವತ್ತಿಗೆ 17 ದಿನ. ಹೇಗಾಯಿತು ಅಂತ ಹೇಳುತ್ತೇನೆ ಅಂದಿದ್ದವರು ಅರ್ಧದಲ್ಲೇ ಮಾಯವಾಗುವುದು ನನಗೂ ಸಿಟ್ಟು ತರಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮುಟ್ಟುವುದು ಬಿಡಲು ಎರಡು ದಿನ ಕಷ್ಟವಾಯಿತು. ಒಂಬತ್ತನೇ ದಿನ ಹಲ್ಲುಜ್ಜುವಾಗ ಬ್ರಷ್ ತಾಗಿದರೂ ಎಡಗಡೆ ನೋಯಲಿಲ್ಲ, ನಾಲಿಗೆ ಹಾಕಿ ನೋಡಿದರೆ ಗಂಟು ಚಪ್ಪಟೆಯಾಗಿತ್ತು. ಹನ್ನೆರಡನೇ ದಿನಕ್ಕೆ ಕಲೆಯೂ ಇಲ್ಲ, ಗಂಟೂ ಇಲ್ಲ. ಅದು ರಕ್ತದ್ದೇ ಇರಬೇಕು, ಬಿಳಿಕೋಟು ಹೇಳಿದ ಹಾಗೆ.

ಮೇಲ್ತುಟಿಯ ಸಾಸಿವೆ ಮಾತ್ರ ಹಾಗೇ ಇತ್ತು. ಮೊನ್ನೆ ತೋರಿಸಲು ಹೋಗಿದ್ದೆ. ಡಾಕ್ಟರ್ ಗ್ಲೌಸ್ ಹಾಕಿಕೊಂಡು ಒಂದು ಬೆರಳು ತುಟಿಯ ಒಳಗೆ, ಹೆಬ್ಬೆರಳು ಹೊರಗೆ ಇಟ್ಟು, ಎರಡರ ನಡುವೆ ಅದನ್ನು ಹಿಡಿದು ಒಂದೇ ಸಮನೆ ಒತ್ತಿ ಹಿಡಿದರು, ಅರ್ಧ ನಿಮಿಷ ಇರಬಹುದು. ಕಣ್ಣಲ್ಲಿ ನೀರು ಬಂತು. ನಾನು ಮೂರು ದಿನ ಹಿಸುಕಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ನಾನು ಒತ್ತಿದ್ದು ಬೇರೆ ಜಾಗವನ್ನೇ ಅಂತ ಆಗ ಗೊತ್ತಾಯಿತು. ಮುಕ್ಕಾಲು ಪಾಲು ಹರಡಿತು. ಉಳಿದ ಚೂರು ಇನ್ನು ಎರಡು ವಾರದಲ್ಲಿ ಹೋಗದಿದ್ದರೆ ಒಂದು ಹನಿ ಕರಗಿಸುವ ಔಷಧಿ ಹಾಕೋಣ, ಬೇಡ ಅಂದರೆ ಹಾಗೇ ಬಿಡಬಹುದು, ಹೇಗೂ 6 ತಿಂಗಳಿಂದ ಒಂದು ವರ್ಷದೊಳಗೆ ಈ ಜೆಲ್ ತಾನಾಗಿಯೇ ಕಮ್ಮಿಯಾಗುತ್ತಾ ಹೋಗುತ್ತದೆ ಅಂದರು. ಮೂರು ಪದದ ಮೆಸೇಜ್ ಬಗ್ಗೆ ಕೇಳಿದೆ. ಅದು ರಿಸೆಪ್ಷನ್‌ನವರು ಕಳಿಸಿದ್ದಂತೆ, ಡಾಕ್ಟರಿಗೆ ತಲುಪಿಯೇ ಇರಲಿಲ್ಲವಂತೆ. ಇನ್ನು ಮೇಲೆ ಫೋಟೋ ಸಮೇತ ನನಗೇ ಕಳಿಸಿ ಅಂತ ನಂಬರ್ ಕೊಟ್ಟರು.

ಚೂರು ಇರಲಿ ಅಂತ ಬಿಟ್ಟಿದ್ದೇನೆ. ಹಲ್ಲಿನ ಅಪಾಯಿಂಟ್‌ಮೆಂಟ್ ಮುಂದಿನ ತಿಂಗಳಿಗೆ ಹಾಕಿಸಿದ್ದೇನೆ.

ಮೂರುಸಲದಕ್ಕ

ಆ ಚೂರನ್ನು ನಾಲಿಗೆಯಲ್ಲಿ ಹುಡುಕುವುದು ನಿಲ್ಲಿಸಿದ್ದೀರಾ?

ನೀಲಿಕೊಡೆ

ಇಲ್ಲ 😅